13,500 ಪೌಂಡಿನ ಫಾರ್ವರ್ಡು

ಗುಂಪು: ಮೆಕ್ಯಾನಿಕಲ್ 96, ಬೆಂಗಳೂರು (ರಾಜಕೀಯ ಬೇಡ ದಯವಿಟ್ಟು)

ಕುಮಾರ ಅಡ್ಮಿನ್, 7:48
↪ ಹಲವು ಬಾರಿ ಫಾರ್ವರ್ಡ್ ಆಗಿದೆ
"ಬೇಟೆಗೂ ಇದೇ, ಬೋಟ್ ಎಳೆಯೋಕೂ ಇದೇ! ಫೋರ್ಡ್ ಎಫ್-150 ಪಿಕಪ್ ಟ್ರಕ್. ಎಳೆಯೋ ತಾಕತ್ತು 13,500 ಪೌಂಡ್!! ಕಾಡು, ಕೆಸರು, ಹಿಮ, ಯಾವುದಕ್ಕೂ ಜಗ್ಗಲ್ಲ. ಕಣ್ಮುಚ್ಚಿ ತಗೊಳ್ಳಿ."

ಕುಮಾರ ಅಡ್ಮಿನ್, 7:50
ಅಕ್ಕನ ಮಗ ಡೆನ್ವರ್‌ನಲ್ಲಿದ್ದಾನೆ. ಎಲ್ಕ್ (ದೊಡ್ಡ ಜಾತಿ ಜಿಂಕೆ) ಬೇಟೆಗೆ ಲೈಸೆನ್ಸ್ ಸಿಕ್ಕಿದೆಯಂತೆ. ನಾಲ್ಕು ಜನ, ಹಿಂದೆ ಕ್ಯಾಂಪರ್ ಟ್ರೇಲರ್ 6,000 ಪೌಂಡ್. ಒಂದು ಸೆಕೆಂಡ್ ಹ್ಯಾಂಡ್ ಎಫ್-150 ನೋಡಿಟ್ಟಿದ್ದಾನೆ, ನಾಲ್ಕು ಬಾಗಿಲು, ಫೋರ್ ಬೈ ಫೋರ್. ಶನಿವಾರ ಅಡ್ವಾನ್ಸು. 13,500ಕ್ಕೆ 6,000 ಅಂದ್ರೆ ಅರ್ಧಾನೂ ಇಲ್ಲ. ಓಕೆ ಅಲ್ವಾ?

ಶೆಟ್ಟಿ ಜಯನಗರ, 7:52
ಓಕೆ ಎಂತ, ಡಬಲ್ ಓಕೆ ಮಾರಾಯ. 5.0 ವಿ8 ಎಂಜಿನ್ ತೆಗಿಲಿಕ್ಕೆ ಹೇಳು. ನಾಲ್ಕಿಂಚು ಲಿಫ್ಟ್, 35 ಇಂಚಿನ ಮಡ್ ಟೈರ್, ಮುಂದೆ ಸ್ಟೀಲ್ ಬಂಪರ್, ವಿಂಚ್. ಬೇಟೆ ಗಾಡಿ ಅಂದ್ರೆ ಅದು.

ಸವಿತಾ ಟೂಲ್‌ರೂಮ್, 7:55
ಕುಮಾರ, ಅಡ್ವಾನ್ಸ್ ಕೊಡೋ ಮುಂಚೆ ಡ್ರೈವರ್ ಬಾಗಿಲು ತೆಗೆದು ಅಲ್ಲಿರೋ ಟೈರ್-ಲೋಡಿಂಗ್ ಸ್ಟಿಕ್ಕರ್ ಫೋಟೋ ಕಳಿಸೋಕೆ ಹೇಳು. ಬಿಳಿ ಚೀಟಿ, ಹಳದಿ ಪಟ್ಟಿ ಇರುತ್ತೆ. "ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು" ಅಂತ ಒಂದು ನಂಬರ್ ಇರುತ್ತೆ. ನನಗೆ ಬೇಕಿರೋದು ಅದು. 13,500 ಬೇಡ.

ಶೆಟ್ಟಿ ಜಯನಗರ, 7:56
ಎಳಿಯುವ ವಿಷಯ ಮಾತಾಡುವಾಗ ಹೊರುವ ನಂಬರ್ ಎಂತಕ್ಕೆ?

ಸವಿತಾ ಟೂಲ್‌ರೂಮ್, 8:01
ಯಾಕಂದ್ರೆ ಟ್ರೇಲರ್ ಬರೀ ಎಳೆಸಿಕೊಳ್ಳಲ್ಲ, ಹಿಂದೆ ಕೂತ್ಕೊಳ್ಳುತ್ತೆ. ಮೂತಿಯ ಭಾರ, ಟಂಗ್ ವೇಟ್, ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಇರಲೇಬೇಕು. ಕಮ್ಮಿ ಇಟ್ಟರೆ ಟ್ರೇಲರ್ ಬಾಲ ಅಲ್ಲಾಡಿಸುತ್ತೆ, 100 ಕಿಮೀ ಸ್ಪೀಡಲ್ಲಿ ಅದು ಟ್ರಕ್ಕನ್ನೇ ಅಡ್ಡ ಮಲಗಿಸುತ್ತೆ. ಜಾಸ್ತಿ ಆದ್ರೆ ಹಿಂಭಾಗ ಕೂತು ಹೆಡ್‌ಲೈಟ್ ಆಕಾಶ ನೋಡುತ್ತೆ, ಮುಂದಿನ ಚಕ್ರಕ್ಕೆ ಹಿಡಿತ ಇರಲ್ಲ, ಸ್ಟೀರಿಂಗ್ ಹಗುರ. 6,000ಕ್ಕೆ 13 ಪರ್ಸೆಂಟ್ ಹಿಡಿ, 780 ಪೌಂಡ್. ಅಷ್ಟೂ ಸ್ಟಿಕ್ಕರ್ ನಂಬರ್‌ನಿಂದಲೇ ಕಳೀಬೇಕು.
ಇನ್ನು 13,500 ಬರೋದು 3.5 ಇಕೋಬೂಸ್ಟ್ (ಫೋರ್ಡಿನ ಟರ್ಬೋ ಎಂಜಿನ್), ಎಳೆಯೋಕೆ ಅಂತಲೇ ಇರೋ ಟೋ ಪ್ಯಾಕೇಜ್, ಸರಿಯಾದ ಕ್ಯಾಬ್ ಎಲ್ಲ ಕೂಡಿದಾಗ. ಆ ಎಸ್‌ಎಇ ಜೆ2807 ಅನ್ನೋ, ಎಳೆಯೋ ತಾಕತ್ತು ಅಳೆಯೋ ಟೆಸ್ಟಿನಲ್ಲಿ ಗಾಡಿಯೊಳಗೆ ಇರೋದು 150 ಪೌಂಡಿನ ಇಬ್ಬರು. ನಿನ್ನ ಅಳಿಯ ನಾಲ್ಕು ಜನ, ಜೊತೆಗೆ ಟೆಂಟು, ಕೂಲರ್.

ಪಾಟೀಲ ಹುಬ್ಳಿ, 8:04
ಸವಿತಾ ಬಾಯಾರ ಅಂದಿದ್ದು ಖರೆ ಐತಿ. ಆದ್ರ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿದ್ರ? ಎರಡು ಸ್ಪ್ರಿಂಗ್ ಬಾರ್ ಭಾರಾನ ಮುಂದಿನ ಆಕ್ಸಲ್‌ಗೆ ಹಂಚತಾವ.

ಸವಿತಾ ಟೂಲ್‌ರೂಮ್, 8:07
ಹಂಚುತ್ತೆ ಪಾಟೀಲ್ರೇ, ಮಾಯ ಮಾಡಲ್ಲ. ಸ್ವಲ್ಪ ಟ್ರೇಲರ್ ಆಕ್ಸಲ್‌ಗೆ ವಾಪಸ್ ಹೋಗುತ್ತೆ, ಮಿಕ್ಕಿದ್ದು ಟ್ರಕ್ಕಿನ ಮೇಲೇ. ಹಿಚ್ಚೇ ಒಂದು 90 ಪೌಂಡು. ಹಾಕಲೇಬೇಕು ಅದು ಬೇರೆ ಮಾತು. ಟ್ರಕ್ಕಿನ ಹಿಂದೆ ಹಿಚ್ ಸಿಕ್ಕಿಸೋ ರಿಸೀವರ್ ಮೇಲೂ ಒಂದು ಸ್ಟಿಕ್ಕರ್ ಇರುತ್ತೆ, ಎರಡು ಸಾಲು. ಎಷ್ಟೋ ಎಫ್-150ಗಳಲ್ಲಿ ಆ ಹಿಚ್ ಇಲ್ಲದೆ ಮಿತಿ 5,000 ಪೌಂಡ್, ಮೂತಿ ಭಾರ 500. ಬರೀ ಟೋ ಬಾಲ್ (ಟ್ರೇಲರ್ ಕೂರೋ ಉಕ್ಕಿನ ಗುಂಡು) ಮೇಲೆ ಇವನ ಟ್ರೇಲರ್ ಕೂರಿಸಿದರೆ ಅಲ್ಲೇ ಮೀರಿತು.

ಪಾಟೀಲ ಹುಬ್ಳಿ, 8:08
ಮತ್ತ ಹಳ್ಳ ದಿಣ್ಣೆ ಇರೋ ಕಚ್ಚಾ ರಸ್ತೆದಾಗ ಆ ಬಾರ್ ಬಿಚ್ಚಬೇಕ. ಗಾಡಿ ಮಡಚಿದಂಗ ಆದಾಗ ಬಾರ್ ಮ್ಯಾಲೆ ಬರೋ ಒತ್ತಡಕ್ಕ ಫ್ರೇಮ್ ಬಾಗ್ತೈತಿ.

ಕುಮಾರ ಅಡ್ಮಿನ್, 8:09
ಫೋಟೋ ಕೇಳಿದ್ದೀನಿ. ಅಲ್ಲಿ ಈಗ ಬೆಳಿಗ್ಗೆ, ಡೀಲರ್ ಹತ್ರ ಹೊರಟಿದ್ದಾನೆ. ವಿ8 ತಗೋಬೇಕಾ ಟರ್ಬೋನಾ?

ಶೆಟ್ಟಿ ಜಯನಗರ, 8:09
ವಿ8. ಶಬ್ದ ಕೇಳಿದ್ರೆ ಸಾಕು.

ಪ್ರಭು ಪೀಣ್ಯ, 8:13
ಶೆಟ್ರೇ, ಶಬ್ದಕ್ಕೆ ಎಲ್ಕ್ ಓಡಿಹೋಗುತ್ತೆ 😄 ಊರು ಯಾವುದು ನೋಡಿ. ಡೆನ್ವರ್ರೇ 5,280 ಅಡಿ. ಅಲ್ಲಿಂದ ಪಶ್ಚಿಮಕ್ಕೆ ಐ-70 ಹೆದ್ದಾರೀಲಿ ಹೋದರೆ ಐಸೆನ್‌ಹೋವರ್ ಸುರಂಗ 11,000 ಅಡಿ ದಾಟುತ್ತೆ. ಟರ್ಬೋ ಇಲ್ಲದ ಎಂಜಿನ್ನು ಪ್ರತಿ 1,000 ಅಡಿಗೆ ಸುಮಾರು 3 ಪರ್ಸೆಂಟ್ ಶಕ್ತಿ ಬಿಡುತ್ತೆ, ಮೇಲೆ ಹೋಗೋಷ್ಟರಲ್ಲಿ ಮೂರನೇ ಒಂದು ಭಾಗ ಗಾಳಿಗೆ. ಟರ್ಬೋ ಆ ನಷ್ಟದ ಬಹುಪಾಲು ತುಂಬಿಕೊಡುತ್ತೆ. ಅವನ ಜಾಗಕ್ಕೆ 3.5 ಇಕೋಬೂಸ್ಟೇ ಸರಿ.
ಹತ್ತೋದು ಬಿಡಿ, ಇಳಿಯೋದು ಇನ್ನೂ ಕಷ್ಟ. ಭಾರ ಎಳೆಯುವಾಗ ಹಾಕೋ ಟೋ-ಹಾಲ್ ಮೋಡ್ ಹಾಕಿ, ಇಳಿಜಾರು ಶುರುವಾಗೋ *ಮುಂಚೆನೇ* ಗೇರ್ ಇಳಿಸಬೇಕು. ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ಪೆಡಲ್ ಸ್ಪಂಜ್ ಆಗುತ್ತೆ. ಟ್ರೇಲರಿನ ಬ್ರೇಕನ್ನ ಡ್ರೈವರ್ ಸೀಟಿನಿಂದಲೇ ಹಿಡಿಸೋ ಬ್ರೇಕ್ ಕಂಟ್ರೋಲರ್ ಇರಲೇಬೇಕು. ಬಾಲ ಅಲ್ಲಾಡೋಕೆ ಶುರುವಾದರೆ ಟ್ರಕ್ ಬ್ರೇಕ್ ಒತ್ತಬಾರದು: ಆಕ್ಸಿಲೇಟರ್ ಬಿಡು, ಸ್ಟೀರಿಂಗ್ ನೇರ ಹಿಡಿ, ಕಂಟ್ರೋಲರ್‌ನ ಕೈ ಲಿವರ್‌ನಿಂದ ಟ್ರೇಲರ್ ಬ್ರೇಕ್ ಮಾತ್ರ ಹಿಡಿಸು.

ಶೆಟ್ಟಿ ಜಯನಗರ, 8:15
ಸರಿ, ಟರ್ಬೋ. 35 ಇಂಚಿನ ಟೈರ್ ಮಾತ್ರ ಬಿಡುವುದಿಲ್ಲ.

ಸವಿತಾ ಟೂಲ್‌ರೂಮ್, 8:21
ಗುಣಾಕಾರ ಮಾಡೋಣ ಶೆಟ್ರೇ, ಮೆಕ್ಯಾನಿಕಲ್ ಅಲ್ವಾ ನಾವು. ಆಕ್ಸಲ್ ರೇಶಿಯೋ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು) 3.73, ಟೈರ್ 32 ಇಂಚು ಅಂತಿಟ್ಕೊಳ್ಳಿ. 35 ಹಾಕಿದರೆ 3.73 × 32 ÷ 35 = 3.41. ಕಂಪನಿ ಟೋಯಿಂಗ್‌ಗೆ ಅಂತ ಕೊಟ್ಟ ಗೇರಿಂಗಿನ ಎಳೆತ ನಿಮ್ಮ ಕೈಯಾರೆ ಕಮ್ಮಿ ಮಾಡಿದಿರಿ. ಟ್ರಾನ್ಸ್‌ಮಿಷನ್ ಪದೇ ಪದೇ ಗೇರ್ ಹುಡುಕುತ್ತೆ, ಕಾಯುತ್ತೆ. ಚಕ್ರ ಭಾರ ಆದಷ್ಟೂ ಬ್ರೇಕಿಗೂ ಕೆಲಸ. ಗಾಡಿ ಎತ್ತರಿಸಿದರೆ ಹಿಚ್ಚೂ ಎತ್ತರ, ಟ್ರೇಲರ್ ಮೂತಿ ಮೇಲೆ ಮಾಡಿ ಓಡುತ್ತೆ. ಸ್ಟೀಲ್ ಬಂಪರ್, ವಿಂಚ್ ಸೇರಿ 200 ಪೌಂಡ್ ಸಲೀಸಾಗಿ, ಅದೂ ಸ್ಟಿಕ್ಕರ್‌ನಿಂದಲೇ. ಇ-ಲೋಡ್ ಅನ್ನೋ ಗಟ್ಟಿ ಟೈರ್ ಹಾಕಿದ್ರೆ ಪೇಲೋಡ್ (ಗಾಡಿ ಹೊರೋ ಮಿತಿ) ಏರುತ್ತೆ ಅನ್ನೋದೂ ಸುಳ್ಳು. ಟೈರ್ ಹೊರುತ್ತೆ, ಸ್ಪ್ರಿಂಗು, ಆಕ್ಸಲ್ಲು, ಬ್ರೇಕು ಹಳೇವೇ.
ಕಂಪನಿಯೇ ಮಾಡಿದ ಆಫ್‌ರೋಡ್ ಗಾಡಿ ನೋಡಿ. ಅದೇ ಎಫ್-150ರ ರ‍್ಯಾಪ್ಟರ್. ಮೆತ್ತನೆ ಸಸ್ಪೆನ್ಷನ್, ದೊಡ್ಡ ಟೈರು. ಎಳೆಯೋದು 8,200 ಪೌಂಡ್ ಆಸುಪಾಸು. ಗುಂಡಿ ಹಾರೋಕೆ ಮಾಡಿದ ಸ್ಪ್ರಿಂಗು ಮೂಟೆ ಹೊರಲ್ಲ.

ಗೌಡ ಸಕಲೇಶಪುರ, 8:22
ಎತ್ತಿನಗಾಡಿ ಮೂಕಿ ಭಾರ ಗೊತ್ತಿಲ್ದೋರು ಟ್ರಕ್ ತಗೊಳ್ಳೋಕೆ ಹೊರಟವ್ರೆ. ಹಿಂದೆ ಜಾಸ್ತಿ ಹೇರಿದ್ರೆ ನೊಗ ಎದ್ದು ಎತ್ತಿನ ಕತ್ತಿಗೆ ಕಣ್ಣಿ ಬೀಳ್ತದೆ. ಅದೇ ಲೆಕ್ಕ.

ಸವಿತಾ ಟೂಲ್‌ರೂಮ್, 8:22
ಗೌಡ್ರೇ 🙏 ಎಷ್ಟು ಮೆಸೇಜ್ ಉಳಿಸಬಹುದಿತ್ತು. ಟ್ರೇಲರ್ ಒಳಗಿನ ಸಾಮಾನು ಸುಮಾರು 60 ಪರ್ಸೆಂಟ್ ಆಕ್ಸಲ್‌ಗಿಂತ ಮುಂದೆ ಇರಲಿ.

ಗೌಡ ಸಕಲೇಶಪುರ, 8:24
ಎಸ್ಟೇಟಿಗೆ ಇಂಥದ್ದು ಒಂದು ಬೇಕು ಅಂತಿದ್ದೆ. ಟೊಯೋಟಾ ಹಿಲಕ್ಸ್ ನೋಡ್ತಾ ಇದೀನಿ. ಆಸ್ಟ್ರೇಲಿಯಾದಲ್ಲಿ 3,500 ಕೆಜಿ ಎಳೀತದಂತೆ. ರಾತ್ರಿ ಹಂದಿ ಕಾಟ ಬೇರೆ, ಬೇಟೆಗೂ ಆಯ್ತು.

ಪ್ರಭು ಪೀಣ್ಯ, 8:28
ಗೌಡ್ರೇ ಮೆಸೇಜ್ ಡಿಲೀಟ್ ಮಾಡಿ 😀 1972ರ ವನ್ಯಜೀವಿ ಕಾಯ್ದೆ. ಕೊಡಗಿನೋರಿಗೆ ಇರೋ ವಿನಾಯಿತಿ ಕೋವಿ ಲೈಸೆನ್ಸಿಗೆ, ಬೇಟೆಗಲ್ಲ.
ಎಳೆಯೋ ವಿಷಯ: 3,500 ಆಸ್ಟ್ರೇಲಿಯಾದ್ದು, ಅದೂ ಬ್ರೇಕ್ ಇರೋ ಟ್ರೇಲರಿಗೆ. ಇಲ್ಲಿನ ಮ್ಯಾನುವಲ್ ಏನು ಹೇಳುತ್ತೋ ಅದೇ. ಟ್ರೇಲರಿಗೆ ಬೇರೆ ರಿಜಿಸ್ಟ್ರೇಷನ್ ಬೇಕು, ಜೆ.ಸಿ. ರೋಡಿನಲ್ಲಿ ಬೆಸುಗೆ ಹಾಕಿಸಿದ ಹುಕ್ಕಿಗೆ ಯಾರೂ ರೇಟಿಂಗ್ ಬರೆದಿರಲ್ಲ. 20 ಲಕ್ಷ ಮೀರಿದ್ರೆ ಲೈಫ್‌ಟೈಮ್ ಟ್ಯಾಕ್ಸ್ 18 ಪರ್ಸೆಂಟ್, ಮೇಲೆ ಸೆಸ್. ಗಾಡಿ 5,325 ಮಿಲಿಮೀಟರ್ ಉದ್ದ, ಬೆಂಗಳೂರಿಗೆ ಬಂದಾಗ ಮಗಳ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಮೂತಿ ಹೊರಗೇ. ಗೊಬ್ಬರ ಮೂಟೆ ಹೊರೋಕೆ ಫೋರ್ ಬೈ ಫೋರ್ ಬೊಲೆರೊ ಕ್ಯಾಂಪರ್ ಸಾಕು, ಗೀರು ಬಿದ್ರೂ ಹೊಟ್ಟೆ ಉರಿಯಲ್ಲ.

ಕುಮಾರ ಅಡ್ಮಿನ್, 8:29
ಡೆನ್ವರಿಗೆ ವಾಪಸ್ ಬನ್ನಿ ದಯವಿಟ್ಟು. ಕಾಡಿನ ರಸ್ತೆ ಮೇಲೆ ಏನು ನೋಡ್ಕೋಬೇಕು?

ಪಾಟೀಲ ಹುಬ್ಳಿ, 8:38
ಇದು ನಾ ಹೇಳ್ತೀನಿ.
ಮೊದಲ ಟ್ರೇಲರ್ ಕ್ಯಾಂಪಿನಾಗ ಬಿಚ್ಚಿ ಇಡು. ಆಮ್ಯಾಲೆ ಟೈರ್ ಗಾಳಿ ಇಳಿಸು, 35 ಇದ್ದದ್ದು 20 ಪಿಎಸ್‌ಐ. ಟೈರ್ ಉದ್ದಕ ಚಪ್ಪಟೆ ಆಗಿ ಕಲ್ಲ ಅಪ್ಪಕೊಂಡ ಹೋಗ್ತೈತಿ. 15ಕ್ಕಿಂತ ಕೆಳಗ ಬ್ಯಾಡ, ತಿರುವಿನಾಗ ರಿಮ್ ಬಿಟ್ಟು ಬರ್ತೈತಿ. ಟಾರ್ ರಸ್ತೆಗೆ ಬಂದ ಕೂಡಲೆ ಕಂಪ್ರೆಸರ್ ಹಚ್ಚಿ ತುಂಬಬೇಕ. ಇಳಿಸಿದ ಗಾಳಿ ಮ್ಯಾಲೆ ಟ್ರೇಲರ್ ಎಳದ್ರ ಸೈಡ್‌ವಾಲ್ ಕಾದು ಟೈರ್ ಹರೀತೈತಿ.
ಫೋರ್ ಹೈ, ಅಂದ್ರ ನಾಕೂ ಚಕ್ರಕ್ಕ ಶಕ್ತಿ ಕೊಡೋ ಸ್ಥಿತಿ, ಒಣ ಟಾರ್ ಮ್ಯಾಲೆ ಹಾಕಬ್ಯಾಡ. ತಿರುಗುವಾಗ ಮುಂದಿನ ಚಕ್ರ ಹಿಂದಿನಕಿಂತ ದೊಡ್ಡ ಸುತ್ತ ಹೊಡೀತಾವ, ನಡುವ ಡಿಫರೆನ್ಷಿಯಲ್ ಇಲ್ಲ ಅಂದ್ರ ಆ ವ್ಯತ್ಯಾಸ ಪ್ರೊಪೆಲ್ಲರ್ ಶಾಫ್ಟಿನಾಗ ಸುತ್ತಕೊಂಡ ಕೂಡ್ತೈತಿ. ಗಾಡಿ ಕುಪ್ಪಳಿಸ್ತೈತಿ, ಲಿವರ್ ಬರಂಗಿಲ್ಲ. ಸಿಕ್ಕಿದ್ರ ನಾಕ ಅಡಿ ರಿವರ್ಸ್ ಹೊಡಿ, ಬಿಡ್ತೈತಿ.
ಹಿಂದಿನ ಎರಡೂ ಚಕ್ರ ಒಟ್ಟಿಗೆ ಸುತ್ತಂಗ ಮಾಡೋ ಡಿಫ್ ಲಾಕ್ (ಡಿಫರೆನ್ಷಿಯಲ್ ಲಾಕ್) ಐತೋ ಇಲ್ಲೋ ಕೇಳು. ಲಿಫ್ಟಿಗೆ ಹಾಕೋ ರೊಕ್ಕಾ ಅದಕ್ಕ ಹಾಕು. ಒಂದು ಚಕ್ರ ಗಾಳ್ಯಾಗ ನಿಂತ್ರ ಓಪನ್ ಡಿಫ್ ಅದಕ್ಕ ಸುತ್ತಾಕ ಬಿಡ್ತೈತಿ, ನೆಲದ ಮ್ಯಾಲಿನ ಚಕ್ರ ಸುಮ್ಮ ಕುಂತಿರ್ತೈತಿ.
ಮತ್ತ *ಟೋ ಬಾಲಿಗೆ ರಿಕವರಿ ಹಗ್ಗ ಕಟ್ಟಬ್ಯಾಡ.* ಜಗ್ಗೋ ಹೊತ್ತಿನ್ಯಾಗ ಬಾಲ್ ಮುರದ್ರ ಗುಂಡ ಆಗಿ ಹಾರ್ತೈತಿ, ಮಂದಿ ಸತ್ತಾರ. ರೇಟಿಂಗ್ ಇರೋ ಹುಕ್ಕು, 4.75 ಟನ್ ಶ್ಯಾಕಲ್ (ಹಗ್ಗ ಸಿಕ್ಕಿಸೋ ಉಕ್ಕಿನ ಕೊಂಡಿ), ಹಿಗ್ಗೋ ಕೈನೆಟಿಕ್ ಹಗ್ಗ.

ಪ್ರಭು ಪೀಣ್ಯ, 8:42
ಬಾಲ್ ಅಂದಾಗ ನೆನಪಾಯ್ತು. ಟ್ರೇಲರ್ ಕಪ್ಲರ್ (ಬಾಲ್ ಮೇಲೆ ಕೂರೋ ಬಟ್ಟಲು) ಮೇಲೆ ಸೈಜ್ ಅಚ್ಚಾಗಿರುತ್ತೆ, ಓದಲಿ. 2-5/16 ಇಂಚಿನ ಕಪ್ಲರ್ 2 ಇಂಚಿನ ಬಾಲ್ ಮೇಲೆ ಚೆನ್ನಾಗಿಯೇ ಕೂತ ಹಾಗೆ ಕಾಣುತ್ತೆ, ಮೊದಲ ದೊಡ್ಡ ಗುಂಡೀಲಿ ಹಾರಿ ಹೊರಗೆ. ಪರೀಕ್ಷೆ ಸುಲಭ: ಲಾಕ್ ಹಾಕಿದ ಮೇಲೆ ಟ್ರೇಲರ್ ಜ್ಯಾಕ್ ತಿರುಗಿಸಿ ಮೂತಿ ಎತ್ತು. ಟ್ರಕ್ಕಿನ ಹಿಂಭಾಗವೂ ಜೊತೆಗೆ ಎರಡಿಂಚು ಎದ್ದರೆ ಹಿಡಿದಿದೆ. ಕಪ್ಲರ್ ಮಾತ್ರ ಎದ್ದರೆ ಹಿಡಿದಿಲ್ಲ. ಸೇಫ್ಟಿ ಚೈನ್ ಅಡಿಯಲ್ಲಿ ಕತ್ತರಿ ಹಾಕಿ ಕಟ್ಟು, ಕಳಚಿದರೆ ಮೂತಿ ಆ ತೊಟ್ಟಿಲಲ್ಲಿ ಬೀಳುತ್ತೆ, ರಸ್ತೆಗಲ್ಲ.

ಶೆಟ್ಟಿ ಜಯನಗರ, 8:44
ಇಷ್ಟೆಲ್ಲ ತಲೆಬಿಸಿ ಯಾಕೆ, ಒಂದು ಸೈಜ್ ದೊಡ್ಡದು, ಎಫ್-250 ಡೀಸೆಲ್ ತಗೊಂಡ್ರೆ ಮುಗೀತಲ್ಲ?

ಸವಿತಾ ಟೂಲ್‌ರೂಮ್, 8:50
ದಾರಿ ಸರಿ, ಎಂಜಿನ್ ತಪ್ಪು. ಆ ಕ್ಲಾಸಿನ ಎಷ್ಟೋ ಗಾಡಿಗಳ ಒಟ್ಟು ತೂಕದ ಮಿತಿ 10,000 ಪೌಂಡ್. ಡೀಸೆಲ್ ಎಂಜಿನ್ನೇ ನೂರಾರು ಪೌಂಡ್ ಜಾಸ್ತಿ ಭಾರ, ಅದು ಪೇಲೋಡ್‌ನಿಂದಲೇ ಹೋಗುತ್ತೆ. ಜೊತೆಗೆ ನವೆಂಬರ್ ಚಳಿ: ಡೀಸೆಲ್ ಹೊಗೆ ಶುದ್ಧ ಮಾಡೋಕೆ ಹಾಕೋ ಡಿಇಎಫ್ ದ್ರವ ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತೆ, ಅದಕ್ಕೆ ಹೀಟರ್ ಇದೆ. ಡೀಸೆಲ್ ಮೇಣಗಟ್ಟಿ ಫಿಲ್ಟರ್ ಕಟ್ಟಿದರೆ ಮಾತ್ರ ಕಾಡಿನ ಮಧ್ಯೆ ಕೂತ್ಕೋಬೇಕು. 6,000 ಪೌಂಡಿಗೆ ಪೆಟ್ರೋಲ್ ಎಫ್-250 ಅಥವಾ ರ‍್ಯಾಮ್ 2500 ಸಾಕು. ಕಾಡು ರಸ್ತೇಲಿ ಕುಲುಕುತ್ತೆ, ಕೆಸರಲ್ಲಿ ತೂಕಕ್ಕೆ ಹೂತುಕೊಳ್ಳುತ್ತೆ, ಅದು ನಿಜ.

ಕುಮಾರ ಅಡ್ಮಿನ್, 9:17
📷 ಫೋಟೋ
ಬಂತು. 1,423 ಅಂತಿದೆ. ಟ್ರೇಲರಿನದೂ ಕಳಿಸಿದ್ದಾನೆ, 6,000 ಅದರ ಪೂರ್ತಿ ತುಂಬಿದ ಮಿತಿ.

ಸವಿತಾ ಟೂಲ್‌ರೂಮ್, 9:21
ಮೂತಿ ಭಾರ 780. ಹಿಚ್ 90. ನಾಲ್ಕು ಜನ ತಲಾ 190, 760. ಹಿಂದಿನ ಸಾಮಾನು 250.
ಒಟ್ಟು 1,880. ಮಿತಿ 1,423. 457 ಪೌಂಡ್ ಜಾಸ್ತಿ, ಇನ್ನೂ ಬೇಟೆ ಸಿಕ್ಕಿಲ್ಲ.

ಶೆಟ್ಟಿ ಜಯನಗರ, 9:22
ಎಳಿಯುದು ಅರ್ಧಕ್ಕಿಂತ ಕಮ್ಮಿ, ಹೊರುದು ಇಷ್ಟು ಜಾಸ್ತಿಯಾ. ದೇವರೇ.

ಕುಮಾರ ಅಡ್ಮಿನ್, 9:24
ಅವನಿಗೆ ಇದೇ ಗಾಡಿ ಇಷ್ಟ ಆಗಿದೆ. ಏನಾದ್ರೂ ಮಾಡಕ್ಕಾಗಲ್ವಾ?

ಸವಿತಾ ಟೂಲ್‌ರೂಮ್, 9:29
ಇಬ್ಬರು ಬೇರೆ ಕಾರಲ್ಲಿ ಬರಲಿ, 380 ಉಳೀತು. ಹಿಂದಿನ 250 ಪೌಂಡ್ ಸಾಮಾನು ಟ್ರೇಲರ್ ಒಳಗೆ, ಆದರೆ ಆ 6,000 ಮೀರದ ಹಾಗೆ. ಉಳಿದದ್ದು 780 + 90 + 380 = 1,250. ಇನ್ನೂ 173 ಪೌಂಡಿಗೆ ಜಾಗ ಇದೆ. ಎಲ್ಕ್‌ನ ಮೂಳೆ ತೆಗೆದ ಮಾಂಸವೇ 200 ಪೌಂಡ್ ಬರುತ್ತೆ, ಮೇಲೆ ಐಸ್. ಹಾಗಾಗಿ ಮಾಂಸ ಆ ಇನ್ನೊಂದು ಕಾರಲ್ಲಿ.

ಪಾಟೀಲ ಹುಬ್ಳಿ, 9:30
ಆ ಇನ್ನೊಂದ ಕಾರ್ ಯಾವದ?

ಕುಮಾರ ಅಡ್ಮಿನ್, 9:33
ಟೊಯೋಟಾ ಪ್ರಿಯಸ್ ಅಂತೆ, ಚಿಕ್ಕ ಕಾರು.

ಸವಿತಾ ಟೂಲ್‌ರೂಮ್, 9:34
ಅದರ ಬಾಗಿಲಲ್ಲೂ ಸ್ಟಿಕ್ಕರ್ ಇದೆ. ಫೋಟೋ.