ಮೈಕಟ್ಟು ನೋಡಿ ಹುಡುಗನ್ನ ಎತ್ಕೋಬೇಕಾ, ಆಟ ನೋಡಿನಾ? ಎನ್‌ಬಿಎ ಡ್ರಾಫ್ಟ್ ಜಗಳ ಬಿಡ್ಸಿ ಸ್ವಲ್ಪ

ಜಯನಗರ ಹೂಪ್ಸ್:
ಪ್ರತಿ ವರ್ಷ ಜೂನಲ್ಲಿ ಡ್ರಾಫ್ಟ್ (ಎನ್‌ಬಿಎ, ಅಂದ್ರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನ ಟೀಮ್‌ಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋದು, ಒಂದೊಂದು ಆಯ್ಕೆನೂ ಒಂದು ಪಿಕ್) ಬಂದ್ರೆ ಸಾಕು ನಮ್ ವಾಟ್ಸಾಪ್ ಗ್ರೂಪಲ್ಲಿ ಇದೇ ಗಲಾಟೆ. ಒಬ್ಬ ಇದಾನೆ, ಶಿಕಾಗೋ ಕಂಬೈನಿಂದ (ಡ್ರಾಫ್ಟಿಗೆ ಮುಂಚೆ ಹುಡುಗರ ಮೈ ಅಳೆಯೋ ಕ್ಯಾಂಪು) ಅಳತೆ ಬಂದ ತಕ್ಷಣ ಬರಿಗಾಲಲ್ಲಿ ಎಷ್ಟು ಎತ್ತರ, ಎರಡೂ ಕೈ ಚಾಚಿದ್ರೆ ಎಷ್ಟು ಅಗಲ, ನಿಂತಲ್ಲೇ ಎಷ್ಟು ಎಗರ್ತಾನೆ ಅಂತ ಎಕ್ಸೆಲ್ ಶೀಟ್ ಮಾಡಿ ಹಾಕ್ತಾನೆ, ಅದ್ರಲ್ಲಿ ಕೆಳಗೆ ಬಂದೋರ್ನೆಲ್ಲ "ಪ್ಲೇಆಫಲ್ಲಿ ನಡಿಯಲ್ಲ" (ಪ್ಲೇಆಫ್ ಅಂದ್ರೆ ಸೀಸನ್ ಕೊನೇಲಿ ಕಪ್ಪಿಗಾಗಿ ನಡಿಯೋ ನಾಕೌಟ್ ಸರಣಿ) ಅಂತ ಗೀಟು ಹೊಡ್ದು ಪಕ್ಕಕ್ಕಿಡ್ತಾನೆ. ಗುರು, 2007ರಲ್ಲಿ ಕೆವಿನ್ ಡುರಾಂಟ್ 185 ಪೌಂಡ್ ಬೆಂಚ್ ಪ್ರೆಸ್ ಒಂದೇ ಒಂದು ಸಲಾನೂ ಎತ್ಲಿಲ್ಲ, ಆಮೇಲೆ 2017, 2018 ಎರಡು ಕಪ್ಪು, ಎರಡರಲ್ಲೂ ಫೈನಲ್ಸ್ ಎಂವಿಪಿ (ಫೈನಲ್ಸ್‌ನ ಅತ್ಯುತ್ತಮ ಆಟಗಾರ), ಇದಕ್ಕೇನಂತೀಯ ಅಂದ್ರೆ "ಅದು ಎಕ್ಸೆಪ್ಶನ್" ಅಂತಾನೆ. ಯಾವ ಹೆಸ್ರು ಹೇಳಿದ್ರೂ ಎಕ್ಸೆಪ್ಶನ್ನೇ.

ನಂಗೆ ಮುಖ್ಯ ಅನ್ಸೋದು ಒಂದೇ, ಈ ಹುಡುಗ ಕಪ್ ಗೆಲ್ಲೋ ಟೀಮಲ್ಲಿ ಎಷ್ಟನೇ ಆಟಗಾರ ಆಗ್ತಾನೆ? ಒಂದನೇಯವನಾ, ಮೂರನೇಯವನಾ, ಬೆಂಚಿಂದ ಎದ್ದು ಹತ್ತು ನಿಮಿಷ ಆಡಿ ಹೋಗೋನಾ. ಅದನ್ನ ಹೇಳಕ್ಕೆ ಮೈಕಟ್ಟು ಎಷ್ಟು ಲೆಕ್ಕಕ್ಕೆ ಬರುತ್ತೆ? ಗೊತ್ತಿರೋರು ಹೇಳಿ, ಬರೀ ಬೈಬೇಡಿ.

ಪಿಕ್ ಅಂಡ್ ರೋಲ್ ಪಾಪಣ್ಣ:
ನಿಮ್ ಫ್ರೆಂಡ್ ಹೇಳೋದು ಅರ್ಧ ಸರಿ, ಆದ್ರೆ ಆ ಶೀಟನ್ನ ಎಲ್ರಿಗೂ ಒಂದೇ ಥರ ಹಾಕ್ತಾನಲ್ಲ ಅದು ತಪ್ಪು. ಬಾಲ್ ಯಾರ ಕೈಲಿ ಜಾಸ್ತಿ ಇರುತ್ತೋ ಅವನಿಗೆ ಅಳತೆ ವಿಷ್ಯದಲ್ಲಿ ಮಾಫಿ ಜಾಸ್ತಿ, ಬಾಲ್ ಮುಟ್ಟೋದು ಕಮ್ಮಿ ಆದಷ್ಟೂ ಟೇಪು ಕಟ್ಟುನಿಟ್ಟು. ಯಾಕಂದ್ರೆ ರೆಗ್ಯುಲರ್ ಸೀಸನಲ್ಲಿ ಯಾರೂ ನಿನ್ನ ಹುಡುಕ್ಕೊಂಡು ಬರಲ್ಲ, 82 ಮ್ಯಾಚು, ನಾಳೆ ಇನ್ನೊಂದೂರು. ಪ್ಲೇಆಫಲ್ಲಿ ಅದೇ ಟೀಮ್ ಜೊತೆ ಏಳು ಮ್ಯಾಚ್ ತನಕ ಆಡ್ಬೇಕು, ಎರಡನೇ ಮ್ಯಾಚಿಗೇ ಅವರು ನಿಮ್ ಐದು ಜನದಲ್ಲಿ ಕುಳ್ಳ ಯಾರು, ನಿಧಾನ ಯಾರು ಅಂತ ಗುರ್ತು ಮಾಡ್ಕೊಂಡಿರ್ತಾರೆ, ಅವನು ಕಾಯ್ತಿರೋ ಆಟಗಾರನ್ನ ಕರ್ದು ಸ್ಕ್ರೀನ್ ಹಾಕ್ಸ್ತಾರೆ (ಕಾಯೋನ ದಾರಿಗೆ ಅಡ್ಡ ನಿಲ್ಸೋದು), ಸ್ವಿಚ್ ಆಗುತ್ತೆ (ಕಾಯೋರು ಅದಲು ಬದಲು ಆಗ್ತಾರೆ), ಈಗ ಅವರ ಸ್ಟಾರ್ ಎದ್ರಿಗೆ ನಿಮ್ ಕುಳ್ಳ ಒಬ್ನೇ. 2016ರ ಫೈನಲ್ಸ್ ಏಳನೇ ಮ್ಯಾಚಲ್ಲಿ ಕೈರಿ ಅರ್ವಿಂಗ್ ಹೊಡ್ದ ಆ ತ್ರೀ (ದೂರದಿಂದ ಹಾಕೋ ಮೂರು ಪಾಯಿಂಟಿನ ಶಾಟ್) ನೋಡಿ, ಮೊದ್ಲು ಗೋಲ್ಡನ್ ಸ್ಟೇಟ್‌ನ ಕ್ಲೇ ಥಾಂಪ್ಸನ್ ಕಾಯ್ತಿದ್ದ, ಸ್ಕ್ರೀನ್ ಹಾಕ್ಸಿ ಅದೇ ಟೀಮಿನ ಕರ್ರಿನ ಎದ್ರಿಗೆ ತಂದ್ಕೊಂಡು ತಲೆ ಮೇಲೇ ಹಾಕ್ದ. ಗೋಲ್ಡನ್ ಸ್ಟೇಟ್‌ಗೆ ಕಪ್ಪೇ ಹೋಯ್ತು.

ಹಂಗಂತ ಕರ್ರಿ ಕೆಟ್ಟ ಪಿಕ್ಕಾ? ನಾಕು ಕಪ್ಪು ತಂದ್ಕೊಟ್ಟಿದಾನೆ. ಆದ್ರೆ ಅವನ ಸುತ್ತ ಯಾರಿದ್ರು ನೋಡಿ. ಕ್ಲೇ, ಇಗ್ವಡಾಲ, ಡ್ರೇಮಂಡ್ ಗ್ರೀನ್. ಗ್ರೀನ್ 2012ರಲ್ಲಿ 35ನೇ ಪಿಕ್ಕು, 6 ಅಡಿ 6 ಇಂಚಿನವನು ಸೆಂಟರ್ (ಬುಟ್ಟಿ ಹತ್ರ ನಿಲ್ಲೋ ಎತ್ತರದವನ ಜಾಗ) ಆಡ್ತಾನಾ ಅಂತ ನಗ್ತಿದ್ರು, ಆದ್ರೆ ಕೈ ಚಾಚಿದ್ರೆ 7 ಅಡಿ 1 ಇಂಚು! ಒಬ್ಬ ಸಣ್ಣವನನ್ನ ಕಪ್ ತನಕ ಕರ್ಕೊಂಡು ಹೋಗ್ಬೇಕಂದ್ರೆ ಪಕ್ಕದ ನಾಕು ಜನರ ಕೈ ಉದ್ದ ಇರ್ಬೇಕು. ಅದಕ್ಕೇ ಹೇಳೋದು ಒಂದನೇಯವನಿಗೆ ಆಟ ನೋಡಿ, ನಾಕನೇಯವನಿಗೆ ಮೊದ್ಲು ಮೈ ನೋಡಿ ಆಮೇಲೆ ಶೂಟಿಂಗ್ ನೋಡಿ.

ಪಿ.ಜೆ. ಟಕರ್ ಇನ್ನೊಬ್ಬ. 6 ಅಡಿ 5 ಇಂಚು, ಎಗರೋದೂ ಅಷ್ಟಕ್ಕಷ್ಟೇ, 2006ರಲ್ಲಿ ಡ್ರಾಫ್ಟ್ ಆಗಿ ಒಂದು ಸೀಸನ್ನಿಗೇ ಹೊರಗೆ ಬಿದ್ದು ಇಸ್ರೇಲು ಯುಕ್ರೇನು ಅಂತ ಊರೂರು ಸುತ್ತಿ 2012ರಲ್ಲಿ ವಾಪಸ್ ಬಂದ. ಕಾಲು ಒನಕೆ ಥರ. 2021ರಲ್ಲಿ ಮಿಲ್ವಾಕೀ ಗೆದ್ದಾಗ ಡುರಾಂಟ್‌ಗೆ ಅಂಟ್ಕೊಂಡವನು ಇವನೇ. ಕಂಬೈನ್ ಶೀಟಲ್ಲಿ ಆ ಕಾಲಿಗೆ ಕಾಲಮ್ಮೇ ಇಲ್ಲ.

ಧಾರವಾಡ ಸೆಂಟರ್:
ಪಾಪಣ್ಣಾರ ಮಾತು ಖರೆ ಐತ್ರಿ, ಆದ್ರ ಮೈ ಅಂದ್ರ ಬರೇ ಉದ್ದ ಅಗಲ ಅಲ್ರಿ, ತಾಳಿಕಿ ಸುದ್ದಾ ಮೈಯ್ಯಾಗ ಬರತೈತಿ. ಗ್ರೆಗ್ ಓಡನ್ 2007ರಾಗ ಡುರಾಂಟಗಿಂತ ಮೊದ್ಲ, ಫಸ್ಟ್ ಪಿಕ್ ಹೋದಾಂವ, ಪೋರ್ಟ್‌ಲ್ಯಾಂಡಿಗೆ. ಏಳು ಅಡಿ, ನೋಡಾಕ ಗುಡ್ಡ ಇದ್ದಂಗ ಇದ್ದ, ಆದ್ರ ಮೊಣಕಾಲು ಕೈ ಕೊಟ್ವು, ಇಡೀ ಕರಿಯರ್‌ದಾಗ 105 ಮ್ಯಾಚ್ ಅಷ್ಟ. ಹಾಶೀಮ್ ಥಬೀಟ್ 7 ಅಡಿ 3 ಇಂಚು, 2009ರಾಗ ಎರಡನೇ ಪಿಕ್ಕು, ಆ ವರ್ಷ ಕರ್ರಿ ಏಳನೇದಾಂವ ನೋಡ್ರಿ, ಮಿನೆಸೋಟಾದವ್ರು 5, 6 ಎರಡೂ ಪಿಕ್ಕಿಗೆ ಗಾರ್ಡ್‌ಗಳನ್ನ (ಕರ್ರಿ ಹಂಗ ಬಾಲ್ ನಡಸೋ ಸಣ್ಣ ಆಳು) ತಗೊಂಡು ಅದರಾಗೂ ಕರ್ರೀನ ಬಿಟ್ರು! ಇದನ್ನ ನೆನಸ್ಕೊಂಡ್ರ ಈಗೂ ನಗಿ ಬರತೈತಿ.

ನಮ್ಮ ಸತ್ನಾಮ್ ಸಿಂಗ್‌ನ ಮರಿಬ್ಯಾಡ್ರಿ. ಪಂಜಾಬಿನ ಬಲ್ಲೋ ಕೆ ಊರಿನ ಹುಡುಗ, 7 ಅಡಿ 2 ಇಂಚು, 2015ರಾಗ ಡಲ್ಲಾಸ್ 52ನೇ ಪಿಕ್ಕಿಗೆ ತಗೊಂಡಾಗ ನಾವೆಲ್ಲಾ ಕುಣದಿದ್ವಿ. ಎನ್‌ಬಿಎ ಅಂಗಳದಾಗ ಒಂದು ರೆಗ್ಯುಲರ್ ಮ್ಯಾಚ್ ಸುದ್ದಾ ಸಿಗಲಿಲ್ಲ. ಅಂವ ಬರೂ ಹೊತ್ತಿಗೆ ಆಟಾನ ಬ್ಯಾರೆ ಆಗಿತ್ತು, ಗೋಲ್ಡನ್ ಸ್ಟೇಟ್ ಅದ ವರ್ಷ ಕಪ್ ಗೆದ್ದಿತ್ತು, ಸೆಂಟರ್ ಆದಾಂವ ಮ್ಯಾಲ ತ್ರೀ ಲೈನ್ ತನಕ ಬಂದು ಗಾರ್ಡ್ ಹಿಂದ ಓಡಬೇಕಾಗಿತ್ತು. ಬುಟ್ಟಿ ಕೆಳಗ ನಿಂತು ಬೆನ್ನು ಕೊಡೂ ದೊಡ್ಡ ಆಳಿಗೆ ಪಾತ್ರನ ಉಳಿದಿರಲಿಲ್ಲ. ಇಪ್ಪತ್ತು ವರ್ಷ ಮೊದ್ಲ ಹುಟ್ಟಿದ್ರ ಕಥಿ ಬ್ಯಾರೆನ ಇರ್ತಿತ್ತೋ ಏನೋ.

ಕುಡ್ಲ ಡಂಕ್:
ಎಂಥ ಮಾರಾಯ್ರೆ, ಡೆನ್ವರ್‌ನ ಸೆಂಟರ್ ಯೋಕಿಚ್ ಹೆಸರೇ ಯಾರೂ ತೆಗೀಲಿಲ್ಲ. 2014ರಲ್ಲಿ 41ನೇ ಪಿಕ್, ಅವನ ಹೆಸರು ಬರುವಾಗ ಟಿವಿಯಲ್ಲಿ ಜಾಹೀರಾತು ಓಡ್ತಾ ಇತ್ತು, ಅಷ್ಟು ಮರ್ಯಾದೆ. ಹೊಟ್ಟೆ ನೋಡಿದ್ರೆ ಮದುವೆ ಮನೆ ಅಡುಗೆ ಭಟ್ರ ಹಾಗೆ ಇದ್ದ, 2023ರಲ್ಲಿ ಡೆನ್ವರ್‌ಗೆ ಮೊದಲ ಕಪ್. ಮತ್ತೆ ಅದೇ ಯೋಕಿಚ್‌ನ 2025ರ ಪ್ಲೇಆಫ್ ಎರಡನೇ ಸುತ್ತಿನ ಏಳನೇ ಮ್ಯಾಚಲ್ಲಿ ಕಟ್ಟಿಹಾಕಿದ್ದು ಯಾರು? ಅಲೆಕ್ಸ್ ಕರೂಸೊ, 6 ಅಡಿ 5 ಇಂಚು, ಡ್ರಾಫ್ಟೇ ಆಗದವ! ಒಕ್ಲಹೋಮ 125-93. ಇದಕ್ಕೆ ಯಾವ ಶೀಟುಂಟು ಹೇಳಿ.

ಜಯನಗರ ಹೂಪ್ಸ್:
ಕುಡ್ಲ ಬಾಸ್ ಸೂಪರ್, ಸ್ಕ್ರೀನ್‌ಶಾಟ್ ಗ್ರೂಪಿಗೆ ಹೋಯ್ತು. ಆದ್ರೆ ನಮ್ ಎಕ್ಸೆಲ್ ಶೀಟಿನವನು ಈಗ ಒಕ್ಲಹೋಮದ ಹೋಲ್ಮ್‌ಗ್ರೆನ್ ಹೆಸ್ರು ಹಿಡ್ಕೊಂಡಿದಾನೆ. 7 ಅಡಿ 1 ಇಂಚು, 195 ಪೌಂಡು, ಕಡ್ಡಿ, ಬಂದ ವರ್ಷಾನೇ ಪಾದ ಮುರ್ಕೊಂಡು 2022-23 ಪೂರ್ತಿ ಕೂತ, "ನೋಡು ನಾನು ಹೇಳಿದ್ದೆ" ಅಂತಾನೆ.

ಪಿಕ್ ಅಂಡ್ ರೋಲ್ ಪಾಪಣ್ಣ:
ಅದೇ ಕಡ್ಡಿ 2025ರ ಫೈನಲ್ಸ್ ಏಳನೇ ಮ್ಯಾಚಲ್ಲಿ 5 ಬ್ಲಾಕ್ ಹಾಕಿ ಕಪ್ ಎತ್ತಿದ್ದನ್ನೂ ಹೇಳಿ ಅವನಿಗೆ. ಒಕ್ಲಹೋಮದವ್ರು ಬುದ್ಧಿವಂತ್ರು, ಹುಡುಗ ದಪ್ಪ ಆಗ್ಲಿ ಅಂತ ಕಾಯ್ಲಿಲ್ಲ, 2024ರಲ್ಲಿ ಹಾರ್ಟೆನ್‌ಸ್ಟೈನ್‌ನ ಕರ್ಕೊಂಡು ಬಂದು ಭಾರದ ಸೆಂಟರ್‌ಗಳ ಜೊತೆ ಗುದ್ದಾಡೋ ಕೆಲ್ಸ ಅವನಿಗೆ ಕೊಟ್ರು. ಮೈ ಕಮ್ಮಿ ಇದ್ರೆ ಪಾತ್ರ ಬದಲಾಯ್ಸ್ಬೋದು, ಅದಕ್ಕೆ ಮ್ಯಾನೇಜ್‌ಮೆಂಟಿಗೆ ತಲೆ ಇರ್ಬೇಕು ಅಷ್ಟೇ.

ಡಲ್ಲಾಸ್ ಕನ್ನಡಿಗ:
ಎಲ್ರೂ ಇಂಚು ಪೌಂಡು ಅಂತಿದೀರ, ವಯಸ್ಸು ಯಾರೂ ಕೇಳ್ತಿಲ್ವಲ್ಲ. 18ರ ಹುಡುಗನ ಮೈ ಬೇರೆ, ನಾಲ್ಕು ವರ್ಷ ಕಾಲೇಜು ಆಡಿ ಬಂದವನ ಮೈ ಬೇರೆ. ಮಿಲ್ವಾಕೀಯ ಯಾನಿಸ್ 2013ರಲ್ಲಿ ಗ್ರೀಸ್‌ನ ಎರಡನೇ ದರ್ಜೆ ಲೀಗಿಂದ 15ನೇ ಪಿಕ್ಕಾಗಿ ಬಂದಾಗ ಇನ್ನೂ ಬೆಳೀತಾನೇ ಇದ್ದ, ಆಮೇಲೂ ಎತ್ತರ ಆದ, 2021ರ ಫೈನಲ್ಸ್ ಆರನೇ ಮ್ಯಾಚಲ್ಲಿ 50 ಪಾಯಿಂಟು. ಕವಾಯ್ ಲೆನಾರ್ಡ್‌ದು ಇನ್ನೂ ಚೆನ್ನಾಗಿದೆ, 2011ರಲ್ಲಿ ಅವನೂ 15ನೇ ಪಿಕ್ಕೇ, ಆ ಅಗಲ ಹಸ್ತ ಉದ್ದ ಕೈ ಎಲ್ರಿಗೂ ಕಾಣ್ತಿತ್ತು, ಶೂಟಿಂಗ್ ಇಲ್ಲ ಅಂತ ಬಿಟ್ರು. ಸ್ಯಾನ್ ಆಂಟೋನಿಯೋದವ್ರು ಮೊದ್ಲು ಬರೀ ಡಿಫೆನ್ಸ್ ಕೊಟ್ಟು ಆಡ್ಸಿದ್ರು, ಪಕ್ಕದಲ್ಲಿ ಶೂಟಿಂಗ್ ತಿದ್ದಿದ್ರು, 2014ರಲ್ಲಿ ಲೆಬ್ರಾನ್‌ನ ಕಾಯ್ತಾ ಫೈನಲ್ಸ್ ಎಂವಿಪಿ, 2019ರಲ್ಲಿ ಟೊರಾಂಟೋದಲ್ಲಿ ಒಂದನೇಯವನಾಗಿ ಮತ್ತೆ. ಮೈ ಅವನನ್ನ ಮೊದಲ ದಿನದಿಂದ ಅಂಗಳದಲ್ಲಿ ಇಟ್ಟಿತ್ತು, ಅಷ್ಟರಲ್ಲಿ ಆಟ ಬಂತು. ಹಂಗಾಗಿ ನಾಕನೇಯವನಾಗಿ ಶುರು ಮಾಡಿ ಒಂದನೇಯವನಾಗೋ ದಾರಿ ಬೇಕಂದ್ರೆ ಉದ್ದ ಕೈ ಇರೋನ ಮೇಲೇ ದುಡ್ಡು ಹಾಕ್ತೀನಿ.

ಇಲ್ಲಿ 2025ರಲ್ಲಿ ನಮಗೆ ಕೂಪರ್ ಫ್ಲಾಗ್ ಸಿಕ್ಕಾಗಲೂ ನಾನು ನೋಡಿದ್ದು ಅದನ್ನೇ, 18 ವಯಸ್ಸು, ಸ್ಕೋರಿಂಗ್ ನಿಧಾನ ಆದ್ರೂ ಡಿಫೆನ್ಸ್ ಇದ್ದೇ ಇರುತ್ತೆ.

ಜಯನಗರ ಹೂಪ್ಸ್:
ಹಂಗಾದ್ರೆ ಫ್ಲಾಗ್ ಜೊತೆ ಡ್ಯೂಕ್ ಕಾಲೇಜ್ ಟೀಮಲ್ಲಿ ಆಡಿದ ಕಾನ್ ಕ್ನೂಪಲ್? ನಾಲ್ಕನೇ ಪಿಕ್, ಕೈ ಅಂಥ ಉದ್ದ ಏನಿಲ್ಲ, ಎಗರೋದೂ ಸುಮಾರು. ನಮ್ಮವನು ಗೀಟು ಹೊಡ್ದಿದ್ದ.

ಪಿಕ್ ಅಂಡ್ ರೋಲ್ ಪಾಪಣ್ಣ:
ಡ್ಯೂಕಲ್ಲಿ ತ್ರೀ 40 ಪರ್ಸೆಂಟ್ ಮೇಲೆ ಹಾಕ್ತಿದ್ದ ಹುಡುಗನಿಗೆ ಗೀಟಾ? ಎರಡನೇಯವನೋ ಮೂರನೇಯವನೋ ಆಗಿ ಆರಾಮಾಗಿ ಆಡ್ತಾನೆ, ಹಿಂದೆ ಒಬ್ಬ ಒಳ್ಳೆ ಶಾಟ್ ಬ್ಲಾಕರ್ ನಿಲ್ಸಿದ್ರೆ ಸಾಕು. ನಿಮ್ ಫ್ರೆಂಡ್ ನಂಬರ್ ಕಳ್ಸಿ, ಮುಂದಿನ ಜೂನ್‌ಗೆ ನಾನೇ ಮಾತಾಡ್ತೀನಿ.