ಪದಚರ್ಚೆ: ಬಂಗಾಳಿಯ ‘ಕಪಾಟ್’ ನಮ್ಮ ಕಪಾಟೇ?

ಪ್ರಶ್ನೆ: ಬಂಗಾಳಿ ಕವಿ ಕಾಜಿ ನಜ್ರುಲ್ ಇಸ್ಲಾಂ ಅವರ ‘ಕಾರಾರ್ ಓಯ್ ಲೌಹ ಕಪಾಟ್’ ಹಾಡನ್ನು ವೇದಿಕೆಯಲ್ಲಿ ಕನ್ನಡದಲ್ಲೇ ಹಾಡಬೇಕಿದೆ. ‘ಲೌಹ ಕಪಾಟ’ವನ್ನು ‘ಕಬ್ಬಿಣದ ಕಪಾಟು’ ಎಂದರೆ ತಿಜೋರಿಯಾಗಿಬಿಡುತ್ತದೆ. ‘ಲೋಪಾಟ್’ ಎಂದರೆ ಲೂಟಿಯೆ? ‘ಹೈದರಿ ಹಾಂಕ್’ನಲ್ಲಿರುವುದು ನಮ್ಮ ಹೈದರಾಲಿಯೆ? ಬಲ್ಲವರು ತಿಳಿಸಬೇಕು.

ಉತ್ತರ 1: ಕಪಾಟು ಖಂಡಿತ ಬೇಡ ಸರ್. ಸಂಸ್ಕೃತದ ‘ಕಪಾಟ’ಕ್ಕೆ ಬಾಗಿಲ ಕದ ಎಂದೇ ಅರ್ಥ. ಬಂಗಾಳಿ ಅದನ್ನು ಹಾಗೇ ಉಳಿಸಿಕೊಂಡಿದೆ. ಮರಾಠಿಯಲ್ಲೂ ಕನ್ನಡದಲ್ಲೂ ಅದು ಬಟ್ಟೆಬರೆ ಇಡುವ ಬೀರುವಾಗಿದೆ. ಅದರ ಜೋಡಿ ರೂಪ ‘ಕವಾಟ’ ಕಾವ್ಯದಲ್ಲಿ ಬಾಗಿಲೇ, ಆದರೆ ಈಗ ಹೃದಯದ ಡಾಕ್ಟರರ ವಶದಲ್ಲಿದೆ. ‘ಕದ’ ಇರುವಾಗ ಇವೆರಡರ ಗೊಡವೆ ಏಕೆ?

‘ಕಾರಾರ್’ ಅಂದರೆ ಕಾರಾ + ಷಷ್ಠಿಯ ‘ರ್’: ಸೆರೆಮನೆಯ. ಕರಾರು ಅಲ್ಲ. ‘ಓಯ್’ ಕರೆಯುವ ದನಿಯಲ್ಲ, ‘ಅಗೋ ಆ’ ಎಂದು ಬೊಟ್ಟು ಮಾಡುವ ಪದ. ‘ಲೋಪಾಟ್’ ಲೂಟಿಗೆ ಹತ್ತಿರ ಕಂಡರೂ ಇಲ್ಲಿ ಕದಿಯುವ ಮಾತಿಲ್ಲ. ಹೇಳಹೆಸರಿಲ್ಲದಂತೆ ಮಾಡು ಎಂದು. (ಹಣ ಗುಳುಂ ಆದಾಗಲೂ ಬಂಗಾಳಿ ಪತ್ರಿಕೆಗಳು ಇದನ್ನೇ ಬಳಸುತ್ತವೆ.) ‘ಜಮಾಟ್’ ಜಮಾತ್ ಅಲ್ಲ, ರಕ್ತ ಹೆಪ್ಪುಗಟ್ಟಿದ ಸ್ಥಿತಿ. ನಂಬಿಕೆಗೆ ಅರ್ಹವಾದ ನೆಂಟರೂ ಇದ್ದಾರೆ: ಅಲ್ಲಿನ ‘ಸಾಜಾ’ ನಮ್ಮ ಸಜೆ, ‘ಫಾಂಸಿ’ ನಮ್ಮ ಫಾಸಿ. ‘ನಿಶಾನ್’ ಮಾತ್ರ ಗುರುತು ಅಲ್ಲ, ಬಾವುಟ. ನಮ್ಮ ‘ಹಸಿರು ನಿಶಾನೆ’ಯಲ್ಲಿ ಆ ಅರ್ಥ ಇನ್ನೂ ಉಸಿರಾಡುತ್ತಿದೆ.

ಹಿನ್ನೆಲೆ ತಿಳಿದರೆ ಪದಗಳ ಬಿಸಿ ಗೊತ್ತಾಗುತ್ತದೆ. 1921ರ ಡಿಸೆಂಬರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರ ಚಿತ್ತರಂಜನ ದಾಸ್ ಜೈಲು ಸೇರಿದರು. ಅವರ ‘ಬಾಂಗ್ಲಾರ್ ಕಥಾ’ ಪತ್ರಿಕೆಯ ಹೊಣೆ ಹೊತ್ತ ಪತ್ನಿ ಬಸಂತಿ ದೇವಿ ಕವಿತೆ ಬೇಕೆಂದು ಹೇಳಿಕಳಿಸಿದಾಗ ನಜ್ರುಲ್ ಬರೆದುಕೊಟ್ಟದ್ದು ಇದು. 1922ರ ಜನವರಿಯಲ್ಲಿ ಅಚ್ಚಾಯಿತು. ಇದನ್ನು ಒಳಗೊಂಡ ‘ಭಾಂಗಾರ್ ಗಾನ್’ ಸಂಕಲನ 1924ರಲ್ಲಿ ಬಂತು, ಅದೇ ವರ್ಷ ಬ್ರಿಟಿಷ್ ಸರ್ಕಾರದಿಂದ ಮುಟ್ಟುಗೋಲಾಯಿತು. ಗಿರಿನ್ ಚಕ್ರವರ್ತಿಯವರ ದನಿಯಲ್ಲಿ ಧ್ವನಿಮುದ್ರಿಕೆ ಬಂದದ್ದು 1949ರಲ್ಲಿ. 1970ರಲ್ಲಿ ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) ನಿರ್ದೇಶಕ ಜಹೀರ್ ರಾಯ್‌ಹಾನ್ ‘ಜೀಬೊನ್ ಥೇಕೆ ನೇಯಾ’ ಚಿತ್ರದಲ್ಲಿ ಬಳಸಿದಾಗ ಅದೇ ಸಾಲುಗಳು ಪಾಕಿಸ್ತಾನದ ಆಳ್ವಿಕೆಯತ್ತ ತಿರುಗಿದವು.

ಉತ್ತರ 2: ಹೈದರಾಲಿ ಅಲ್ಲ. ‘ಹಾಂಕ್’ ಅಂದರೆ ಕೂಗು. ‘ಹೈದರ್’ ಎಂದರೆ ಸಿಂಹ. ಪ್ರವಾದಿಯವರ ಅಳಿಯ ಅಲಿಯವರ ಬಿರುದು. ಮೈಸೂರಿನ ಕಡೆ ‘ಹೈದರಿ’ ಎಂದು ಹಾಡಿದರೆ ಶ್ರೀರಂಗಪಟ್ಟಣವೇ ಕಣ್ಣಿಗೆ ಬರುತ್ತದೆ. ‘ಸಿಂಹಗರ್ಜನೆ’ ಸುಲಭ, ಆದರೆ ಅದು ಮೋಸದ ಅನುವಾದ. ‘ಪಾಗ್ಲಾ ಭೋಲಾ’ ಎಂದು ಶಿವನನ್ನು ಕರೆದ ಉಸಿರಿನಲ್ಲೇ ಕವಿ ಅಲಿಯನ್ನೂ ಕರೆಯುತ್ತಾನೆ. ಆ ಕಲಬೆರಕೆ ಬೇಕೆಂದೇ ಮಾಡಿದ್ದು. ಮೊಹರಮ್ಮಿನ ರಿವಾಯತ್ ಪದ ಕೇಳಿ ಬೆಳೆದ ಉತ್ತರ ಕರ್ನಾಟಕದವರಿಗೆ ‘ಯಾ ಅಲಿ’ ಎಂದರೆ ಸಾಕು, ವಿವರಣೆ ಬೇಡ. ‘ಗಾಜನ್’ ಕೂಡ ಬಂಗಾಳದ ಚೈತ್ರಾಂತ್ಯದ ಶಿವೋತ್ಸವ. ‘ಜಾತ್ರೆಯ ವಾದ್ಯ’ ಎಂದರೆ ನಡೆಯುತ್ತದೆ.

ಹಾಡುವಾಗ ಕೆಡುವುದು ಪ್ರಾಸದಲ್ಲಿ. ಕಪಾಟ್, ಲೋಪಾಟ್, ಜಮಾಟ್ ಮೂರೂ ‘ಟ್’ನಲ್ಲಿ ಬಡಿದು ನಿಲ್ಲುತ್ತವೆ, ಸುತ್ತಿಗೆ ಏಟಿನ ಹಾಗೆ. ಕನ್ನಡ ಪದಗಳು ಸ್ವರದಲ್ಲಿ ಮುಗಿಯುವುದರಿಂದ ಆ ಏಟು ಕರಗಿ ಆಲಾಪನೆಯಾಗುತ್ತದೆ. ಅಂತ್ಯಪ್ರಾಸದ ಹಟ ಬಿಟ್ಟು ನಮ್ಮ ಎರಡನೇ ಅಕ್ಷರದ ಪ್ರಾಸಕ್ಕೆ ಬನ್ನಿ: ಕದವ, ಒದೆ, ಅದುರಲಿ, ಉದುರಲಿ. ‘ದ’ಕಾರಕ್ಕೆ ಒತ್ತು ಬಿದ್ದರೆ ಏಟು ಸಾಲಿನ ಮೊದಲಿಗೇ ಸಿಗುತ್ತದೆ. ಒದೆಯುವ ಮಾತು ಮೂಲದ ಕೊನೆಯ ಚರಣದಲ್ಲೇ ಇದೆ, ಹೊರಗಿನಿಂದ ತಂದದ್ದಾಗದು.

ಧಾಟಿಯನ್ನು ಮಾತ್ರ ಮುಟ್ಟಬೇಡಿ. 2023ರಲ್ಲಿ ‘ಪಿಪ್ಪಾ’ ಚಿತ್ರಕ್ಕೆ ಎ.ಆರ್. ರೆಹಮಾನ್ ಬೇರೆ ಧಾಟಿ ಹಾಕಿದಾಗ ಎರಡೂ ಬಂಗಾಳಗಳಲ್ಲಿ ಆಕ್ಷೇಪ ಎದ್ದು ನಿರ್ಮಾಪಕರು ಕ್ಷಮೆ ಕೇಳಬೇಕಾಯಿತು.

ಉಳಿದದ್ದು ‘ಕಾಲ್‌ಬೋಶೇಖಿ’. ಬೇಸಿಗೆಯ ಆ ಬಿರುಗಾಳಿಯ ಹೆಸರನ್ನೇ ಒಡೆದು, ಮುಂದಿನ ಸಾಲಿನಲ್ಲಿ ‘ಕಾಲ್ ಬೋಶೇ ಕಿ’ — ಕೂತು ಕಾಲ ಕಳೆಯುವೆಯಾ — ಎಂದು ಕೇಳುತ್ತಾನೆ. ಇದಕ್ಕೆ ಕನ್ನಡದಲ್ಲಿ ಸಮನಾದ ಶ್ಲೇಷೆ ಯಾರಿಗಾದರೂ ಹೊಳೆದರೆ ಬರೆಯಿರಿ.