ಗ್ಯಾರಂಟಿ, ಬಜೆಟ್ ಮತ್ತು ನಮ್ಮೂರ ಕಾಲುಸಂಕ: ನಿವೃತ್ತ ಲೆಕ್ಕಾಧಿಕಾರಿಗೆ ಮಲೆನಾಡಿನವರ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಕಚೇರಿಗಳ ಲೆಕ್ಕ ಶಾಖೆಯಲ್ಲಿ 31 ವರ್ಷ ಬಿಲ್ಲು, ಅನುದಾನ, ಖಜಾನೆ ಅಂತ ಓಡಾಡಿದವನು ನಾನು. ಈಗ ನಿವೃತ್ತನಾಗಿ ಶಿವಮೊಗ್ಗದಲ್ಲಿದ್ದೇನೆ. ಹೋದ ವಾರ ನಮ್ಮ ಗುಂಪಿನಲ್ಲಿ ಗ್ಯಾರಂಟಿ ಯೋಜನೆಗಳ ಬಗ್ಗೆ ಮಾತು ಬಿಸಿಯಾಯಿತು. ಒಬ್ಬರು ಬಿಟ್ಟಿ ದುಡ್ಡು ಅಂದರು. ಇನ್ನೊಬ್ಬರು ಅದರಲ್ಲೇ ನಮ್ಮ ಮನೆ ನಡೆಯುತ್ತಿದೆ ಅಂದರು. ಜಗಳ ಬೇಡ, ಪ್ರಶ್ನೆ ಕಳಿಸಿ ಅಂತ ಹೇಳಿದ್ದೆ. ಬಂದ ಪ್ರಶ್ನೆಗಳನ್ನು, ಕೇಳಿದವರ ಹೆಸರು ತೆಗೆದು, ಗುಂಪಿನ ಅಡ್ಮಿನ್ ಇಲ್ಲಿ ಹಾಕಿದ್ದಾರೆ. ಲೆಕ್ಕಕ್ಕೆ 2025-26ರ ರಾಜ್ಯ ಬಜೆಟ್ಟನ್ನು ಇಟ್ಟುಕೊಂಡಿದ್ದೇನೆ.

ಪ್ರಶ್ನೆ (ಹೊಸನಗರ ಕಡೆಯ ಗೃಹಿಣಿ): ಸರ್, ಗೃಹಲಕ್ಷ್ಮಿ ದುಡ್ಡು ಎರಡು ತಿಂಗಳದ್ದು ಬಂದೇ ಇಲ್ಲ. ಪಾಸ್‌ಬುಕ್ ಎಂಟ್ರಿ ಹಾಕಿಸಿ ಬೆರಳಿಟ್ಟು ಎಣಿಸಿದೆ. ಕೇಳಿದರೆ ಬರುತ್ತೆ ಬರುತ್ತೆ ಅಂತಾರೆ. ಸಂಘದ ಕಂತಿಗೆ ಅದನ್ನೇ ನಂಬಿಕೊಂಡಿದ್ದೆ. ಕೊನೆಗೆ ಓಲೆ ಅಡ ಇಟ್ಟೆ. ಬರುತ್ತಾ, ಇಲ್ವಾ?

ಉತ್ತರ: ಅಕ್ಕ, ನೀವು ಎಣಿಸಿದ್ದು ಸರಿ. 2025ರ ಫೆಬ್ರವರಿ ಮತ್ತು ಮಾರ್ಚ್ ಕಂತು ಹೋಗಿಲ್ಲ ಅನ್ನುವುದನ್ನು ಅದೇ ವರ್ಷ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಇಲಾಖೆಯ ಸಚಿವರೇ ಒಪ್ಪಿದರು. ಅಷ್ಟು ತಿಂಗಳು ನಿಮ್ಮಂಥ ಹೆಂಗಸರು ಬ್ಯಾಂಕಿಗೆ ಅಲೆದಿದ್ದೀರಿ. ಆಧಾರ್ ಲಿಂಕ್ ಸರಿ ಇಲ್ಲವೇನೋ, ತಪ್ಪು ನಮ್ಮದೇ ಏನೋ ಅಂದುಕೊಂಡಿದ್ದೀರಿ. ನನಗೆ ತುಂಬಾ ಬೇಜಾರಾಗುವುದು ಇದೇ.

ಫೆಬ್ರವರಿ, ಮಾರ್ಚೇ ಯಾಕೆ ಅಂತ ಹೇಳುತ್ತೇನೆ. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಖರ್ಚು ಹಾಕದ ಅನುದಾನ ಲ್ಯಾಪ್ಸ್ ಆಗುತ್ತದೆ. ನನ್ನ ಸರ್ವಿಸಿನಲ್ಲಿ ಎಷ್ಟೋ ಮಾರ್ಚ್ 31ರ ರಾತ್ರಿಗಳನ್ನು ಖಜಾನೆಯ ಕಟ್ಟೆ ಮೇಲೆ ಕಳೆದಿದ್ದೇನೆ. ಬಿಲ್ಲಿನ ಕಟ್ಟು ತೊಡೆ ಮೇಲೆ, ಟೋಕನ್ ನಂಬರ್ ಯಾವಾಗ ಕೂಗುತ್ತಾರೋ ಅಂತ ಕಿವಿ ಒಳಗೆ. ಹನ್ನೆರಡು ಹೊಡೆಯುವುದರೊಳಗೆ ಪಾಸಾದರೆ ದುಡ್ಡು. ಇಲ್ಲದಿದ್ದರೆ ಅದೇ ಬಿಲ್ಲಿಗೆ ಹೊಸ ವರ್ಷದ ದುಡ್ಡು ಹುಡುಕಬೇಕು.

ನಿಮ್ಮ ಎರಡು ಕಂತಿಗೂ ಅದೇ ಆಗಿರಬೇಕು. 2025-26ಕ್ಕೆ ಗೃಹಲಕ್ಷ್ಮಿಗೆ ಇಟ್ಟಿದ್ದು 28,608 ಕೋಟಿ. ಒಬ್ಬರಿಗೆ ವರ್ಷಕ್ಕೆ 24,000ದಂತೆ ಭಾಗಿಸಿ ನೋಡಿ, ಸುಮಾರು 1 ಕೋಟಿ 19 ಲಕ್ಷ ಹೆಂಗಸರಿಗೆ ಹನ್ನೆರಡು ತಿಂಗಳು ಕೊಡಲು ಆಗುವಷ್ಟು. ಹನ್ನೆರಡು ತಿಂಗಳಿಗೆ ಇಟ್ಟ ದುಡ್ಡಿನಲ್ಲಿ ಹದಿನಾಲ್ಕು ತಿಂಗಳು ಕೊಡುವುದು ಹೇಗೆ? ಪೂರಕ ಅಂದಾಜಿನಲ್ಲಿ, ಅಂದರೆ ಬಜೆಟ್ ಆದ ಮೇಲೆ ಸರ್ಕಾರ ಸದನದ ಮುಂದಿಡುವ ಹೆಚ್ಚುವರಿ ಖರ್ಚಿನ ಪಟ್ಟಿಯಲ್ಲಿ, ಬೇರೆ ದುಡ್ಡು ಕೇಳಿ, ಸದನದಲ್ಲಿ ಒಪ್ಪಿಗೆ ತೆಗೆದುಕೊಳ್ಳಬೇಕು. ಹಾಗಾಗಿ ನಿಮ್ಮ ಶಾಸಕರನ್ನು ಕೇಳಬೇಕಾದ್ದು ಒಂದೇ ಮಾತು: ಆ ಎರಡು ತಿಂಗಳಿಗೆ ಪೂರಕ ಅಂದಾಜಿನಲ್ಲಿ ದುಡ್ಡು ಇಟ್ಟಿದ್ದೀರಾ? ಹೌದು ಅಂದರೆ ಎಷ್ಟು ಅಂತ ಕೇಳಿ. ಬರುತ್ತೆ ಅನ್ನುವ ಉತ್ತರ ಇಟ್ಟುಕೊಂಡು ಮನೆಗೆ ಬರಬೇಡಿ.

ಪ್ರಶ್ನೆ (ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರು): ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ತಾರೆ ಅಲ್ವಾ ಸರ್? ಡೀಸೆಲ್, ಹಾಲು, ಕರೆಂಟು, ಬಸ್ಸು ಎಲ್ಲ ಏರಿತು. ಎಲೆಚುಕ್ಕೆ ರೋಗಕ್ಕೆ ಔಷಧಿ ಹೊಡೆಸಿಯೇ ಸೋತಿದ್ದೇವೆ. ಎಲ್ಲ ಗ್ಯಾರಂಟಿಗೆ ಸುರಿದರೆ ನಮಗೇನು ಉಳಿಯುತ್ತೆ?

ಉತ್ತರ: ರಾಯರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಎಲ್ಲವನ್ನೂ ಒಂದೇ ಗೋಣಿಯಲ್ಲಿ ತುಂಬಬೇಡಿ. ಒಂದೊಂದೇ ತೆಗೆದು ನೋಡೋಣ.

ಡೀಸೆಲ್ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ನಿಜ. 2024ರ ಜೂನ್‌ನಲ್ಲಿ ಪೆಟ್ರೋಲ್, ಡೀಸೆಲ್ ಎರಡರ ಮೇಲೂ ರಾಜ್ಯದ ಮಾರಾಟ ತೆರಿಗೆ ಏರಿತು, ಲೀಟರಿಗೆ ಸುಮಾರು 3 ರೂಪಾಯಿ. 2025ರ ಏಪ್ರಿಲ್ 1ರಿಂದ ಡೀಸೆಲ್ಲಿಗೆ ಮತ್ತೆ 2 ರೂಪಾಯಿಯಷ್ಟು. ಇದು ನೇರವಾಗಿ ರಾಜ್ಯದ ಖಜಾನೆಗೇ ಹೋಗುತ್ತದೆ.

ಹಾಲಿನದು ಬೇರೆ. ಅದೇ ಏಪ್ರಿಲ್ 1ರಿಂದ ಏರಿದ 4 ರೂಪಾಯಿ ಬಜೆಟ್ಟಿಗೆ ಸೇರುವ ದುಡ್ಡಲ್ಲ. ಅದು ಹಾಲು ಮಹಾಮಂಡಳ, ಒಕ್ಕೂಟ, ಉತ್ಪಾದಕರ ವ್ಯವಹಾರ. ಬಜೆಟ್ಟಿನಿಂದ ಬರಬೇಕಾದ್ದು ಹಾಲು ಹಾಕುವವರಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ. ಡೇರಿಗೆ ಹಾಲು ಹಾಕುವವರು ಅದು ಯಾವ ತಿಂಗಳವರೆಗೆ ಬಂದಿದೆ ಅಂತ ನೋಡಿಕೊಳ್ಳಿ.

ಕರೆಂಟಿನ ಬಿಲ್ಲಿನಲ್ಲಿ 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 36 ಪೈಸೆ ಸೇರಿತು. ಅದು ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಯಲ್ಲಿ ಸರ್ಕಾರ ಕೊಡಬೇಕಿದ್ದ ಪಾಲು. ಅದನ್ನು ಬಳಕೆದಾರರ ತಲೆಗೆ ಹಾಕಿದ್ದು ನನಗೆ ಒಪ್ಪಿಗೆ ಇಲ್ಲ. ಗೃಹಜ್ಯೋತಿ ಬಂತು ಅಂತ ಸುಮ್ಮನಿದ್ದವರು ಬಿಲ್ಲಿನ ಆ ಸಾಲನ್ನು ಓದಿರುವುದಿಲ್ಲ. ಸರ್ಕಾರಿ ಬಸ್ಸಿನ ದರ 2025ರ ಜನವರಿಯಲ್ಲಿ ನೂರಕ್ಕೆ 15ರಷ್ಟು ಏರಿತು. ಅದನ್ನು ಕೊಡುತ್ತಿರುವವರು ಗಂಡಸರು.

ಇನ್ನು ದೊಡ್ಡ ಲೆಕ್ಕ. 2025-26ರ ಬಜೆಟ್ 4,09,549 ಕೋಟಿ. ಐದು ಗ್ಯಾರಂಟಿಗೆ 51,034 ಕೋಟಿ. ನೂರು ರೂಪಾಯಿಯಲ್ಲಿ ಹನ್ನೆರಡೂವರೆ. ಎಲ್ಲ ಅಲ್ಲಿಗೇ ಹೋಯಿತು ಅನ್ನುವುದು ಹಾಗಾಗಿ ಸರಿಯಲ್ಲ. ಆದರೆ ಇದೂ ಸಣ್ಣ ಮೊತ್ತವಲ್ಲ. ಸಂಬಳ, ಪಿಂಚಣಿ, ಸಾಲದ ಬಡ್ಡಿ, ಇವು ಮೂರನ್ನು ಯಾರೂ ಮುಟ್ಟಲು ಆಗುವುದಿಲ್ಲ. ಗ್ಯಾರಂಟಿಯನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಕೊರತೆ ಬಂದಾಗ ಕೈ ಹೋಗುವುದು ಉಳಿದದ್ದರ ಮೇಲೆ. ಅಂದರೆ ರಸ್ತೆ, ಸೇತುವೆ, ಶಾಲೆಯ ಸೂರು, ರೋಗ ಬಂದ ತೋಟದ ಪರಿಹಾರ. ನಿಮಗೆ ಪೆಟ್ಟು ಬಿದ್ದಿರುವುದು ಇಲ್ಲಿ.

ನನಗೆ ಚಿಂತೆ ಇರುವುದು ಇನ್ನೊಂದು ಅಂಕಿಯ ಬಗ್ಗೆ. ಆ ವರ್ಷ ದಿನನಿತ್ಯದ ಖರ್ಚಿಗೇ ಆದಾಯ ಸಾಲದೆ 19,262 ಕೋಟಿ ಕೊರತೆ ತೋರಿಸಿದರು. ಒಟ್ಟು ಸಾಲ 1,16,000 ಕೋಟಿ ಎತ್ತುವುದಾಗಿ ಹೇಳಿದರು. ಸೊಸೈಟಿ ಸಾಲ ತಂದು ತೋಟಕ್ಕೆ ಮಣ್ಣು ಹಾಕಿಸುವುದು ಬೇರೆ. ಅದೇ ಸಾಲದಲ್ಲಿ ಅಂಗಡಿ ಬಾಕಿ ತೀರಿಸುವುದು ಬೇರೆ. ನೀವೇ ತೋಟ ಮಾಡುವವರು, ನಿಮಗೆ ಹೆಚ್ಚು ಹೇಳಬೇಕಿಲ್ಲ.

ಅದೇ ಬೆಳೆಗಾರರು: ಹಾಗಾದ್ರೆ ಗ್ಯಾರಂಟಿ ನಿಲ್ಲಿಸಬೇಕು ಅಂತೀರಾ?

ಉತ್ತರ: ಇಲ್ಲ. ಮೇಲೆ ಓಲೆ ಅಡ ಇಟ್ಟೆ ಅಂದ ಅಕ್ಕನ ಮಾತು ಓದಿ. ಎರಡು ಸಾವಿರ ಆ ಮನೆಗೆ ಎಷ್ಟು ದೊಡ್ಡದು ಅಂತ ಅದರಲ್ಲೇ ಇದೆ. ಕೊಡುವುದನ್ನು ಇಂಥ ತಾರೀಕಿಗೆ ಅಂತ ಕೊಡಲಿ. ತೆರಿಗೆ ಕಟ್ಟುವಷ್ಟು ಆದಾಯ ಇದ್ದವರು ಸೇರಿಕೊಂಡಿದ್ದರೆ ತೆಗೆಯಲಿ. ನಮ್ಮ ಸೇತುವೆಯ ದುಡ್ಡನ್ನು ಅದಕ್ಕಾಗಿ ತಡೆಹಿಡಿಯುವುದು ಬೇಡ. ನನ್ನ ಅಭಿಪ್ರಾಯ ಇಷ್ಟೇ.

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಕಾಲೇಜು ವಿದ್ಯಾರ್ಥಿನಿ): ಸರ್, ನಮ್ಮೂರಿಗೆ ಬರುವುದು ಪ್ರೈವೇಟ್ ಬಸ್ ಮಾತ್ರ. ದಿನಾ ಟಿಕೆಟ್ ತಗೊಂಡೇ ಹೋಗ್ತೇನೆ. ಬೆಂಗಳೂರಿನಲ್ಲಿರುವ ಅಕ್ಕ ಮೂರು ವರ್ಷದಿಂದ ಆಫೀಸಿಗೆ ಫ್ರೀಯಾಗಿ ಹೋಗ್ತಾಳೆ. ನಮಗೆ ಶಕ್ತಿ ಯೋಜನೆ ಇಲ್ವಾ?

ಉತ್ತರ: ತಂಗಿ, ಮಲೆನಾಡಿನ ಮಟ್ಟಿಗೆ ನಾನು ಓದಿದ ಅತ್ಯಂತ ನ್ಯಾಯವಾದ ದೂರು ನಿನ್ನದು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಸರ್ಕಾರಿ ಬಸ್ಸಿನಲ್ಲಿ ಹರಿಯುವ ಶೂನ್ಯ ಟಿಕೆಟ್ಟಿಗೆ ಮಾತ್ರ ಸರ್ಕಾರ ನಿಗಮಗಳಿಗೆ ದುಡ್ಡು ಕೊಡುತ್ತದೆ. 2025-26ಕ್ಕೆ 5,300 ಕೋಟಿ ಇಟ್ಟಿದ್ದಾರೆ. ಸರ್ಕಾರಿ ಬಸ್ಸೇ ಬಾರದ ಊರಿಗೆ ಆ ದುಡ್ಡಿನಲ್ಲಿ ಒಂದು ಪೈಸೆಯೂ ಬರುವುದಿಲ್ಲ. ನಿಮ್ಮ ಅಪ್ಪ ಟಿಲ್ಲರಿಗೆ ಹಾಕಿಸುವ ಡೀಸೆಲ್ಲಿನ ತೆರಿಗೆ ಮಾತ್ರ ಬೆಂಗಳೂರಿನವರಷ್ಟೇ.

ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ಬಸ್ ಬೇಕು ಅಂತಷ್ಟೇ ಬರೆದರೆ ಆ ಕಾಗದ ಕಡತದಲ್ಲೇ ಉಳಿಯುತ್ತದೆ. ಬೆಳಿಗ್ಗೆ ಎಷ್ಟು ಗಂಟೆಗೆ, ಎಲ್ಲಿಂದ ಎಲ್ಲಿಗೆ, ಆ ದಾರಿಯಲ್ಲಿ ಎಷ್ಟು ವಿದ್ಯಾರ್ಥಿಗಳು, ಎಷ್ಟು ಹೆಂಗಸರು ಕೆಲಸಕ್ಕೆ ಹೋಗುತ್ತಾರೆ, ಲೆಕ್ಕ ಬರೆದು ಸಹಿ ಹಾಕಿಸಿ. ಅದನ್ನು ಸಾರಿಗೆ ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕೊಡಿ. ಪ್ರತಿಯನ್ನು ಶಾಸಕರಿಗೂ, ತಾಲ್ಲೂಕಿನ ಗ್ಯಾರಂಟಿ ಅನುಷ್ಠಾನ ಸಮಿತಿಗೂ ಕೊಡಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳುವುದು ಮರೆಯಬೇಡಿ.

ಪ್ರಶ್ನೆ (ಶಿಕಾರಿಪುರದಿಂದ): ಅತ್ತೆ ತೀರಿಕೊಂಡರು. ಗೃಹಲಕ್ಷ್ಮಿ ಅವರ ಹೆಸರಲ್ಲಿತ್ತು. ನನಗೆ ಬರುತ್ತಾ?

ಉತ್ತರ: ತಾನಾಗಿ ಬರುವುದಿಲ್ಲ. ಮೊದಲು ರೇಷನ್ ಕಾರ್ಡಿನಲ್ಲಿ ಅತ್ತೆಯ ಹೆಸರು ತೆಗೆಸಿ, ಯಜಮಾನಿ ಅಂತ ನಿಮ್ಮ ಹೆಸರು ಬರಬೇಕು. ಆಮೇಲೆ ಹೊಸದಾಗಿ ಅರ್ಜಿ ಹಾಕಿ. ಅತ್ತೆ ತೀರಿಕೊಂಡ ನಂತರ ಅವರ ಖಾತೆಗೆ ಬಂದ ಕಂತನ್ನು ತೆಗೆಯಬೇಡಿ.

ಪ್ರಶ್ನೆ (ಭದ್ರಾವತಿಯ ಯುವಕ): ಯುವನಿಧಿ ನಮ್ಮ ಶಿವಮೊಗ್ಗದಲ್ಲೇ ಶುರುವಾಗಿದ್ದು. ನನಗೆ ನಾಲ್ಕು ತಿಂಗಳು ಬಂದು ನಿಂತಿದೆ.

ಉತ್ತರ: ಹೌದು, 2024ರ ಜನವರಿ 12, ಫ್ರೀಡಂ ಪಾರ್ಕಿನಲ್ಲಿ. ಪದವಿಯವರಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಇನ್ನೂ ಕೆಲಸ ಸಿಕ್ಕಿಲ್ಲ ಅಂತ ಸ್ವಯಂ ಘೋಷಣೆ ಹಾಕುತ್ತಾ ಇರಬೇಕು, ತಪ್ಪಿದರೆ ನಿಲ್ಲುತ್ತದೆ. ಮೊದಲು ಅದನ್ನು ನೋಡಿ ತಮ್ಮ.

ಪ್ರಶ್ನೆ (ಹೊಸನಗರ ತಾಲ್ಲೂಕಿನ ಕೂಲಿ ಕಾರ್ಮಿಕರು): ಸರ್, ನನಗೆ ಗ್ಯಾರಂಟಿ ಬಗ್ಗೆ ದೂರಿಲ್ಲ. ನಮ್ಮ ಕೇರಿಗೆ ಹೋಗುವ ಹಳ್ಳಕ್ಕೆ ಒಂದು ಕಾಲುಸಂಕ ಬೇಕು. ಈಗ ಇರುವುದು ಎರಡು ದಿಮ್ಮಿ, ಮೇಲೆ ಅಡಿಕೆ ದಬ್ಬೆ. ಆಷಾಢ ಬಂದರೆ ದಬ್ಬೆಗೆ ಪಾಚಿ ಕಟ್ಟುತ್ತೆ. ಮಗಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟ್ತಾಳೆ, ಆಚೆ ದಡಕ್ಕೆ ಹೋಗಿ ಕೈ ಬೀಸಿದ ಮೇಲೆ ನಾನು ಕೆಲಸಕ್ಕೆ ಹೋಗೋದು. ಮೂರು ವರ್ಷದಿಂದ ಬಜೆಟ್‌ನಲ್ಲಿ ಇಟ್ಟಿದ್ದೇವೆ ಅಂತಾರೆ. ಇಟ್ಟಿದ್ದು ಎಲ್ಲಿ ಹೋಯ್ತು?

ಉತ್ತರ: ಅಣ್ಣ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗಳು ಕೈ ಬೀಸುವವರೆಗೆ ನಿಲ್ಲುವುದು ಅಂದರೆ ಏನು ಅಂತ ಮಳೆಗಾಲದಲ್ಲಿ ಇಲ್ಲಿ ಇದ್ದವರಿಗೆ ಗೊತ್ತು.

ಬಜೆಟ್‌ನಲ್ಲಿ ಇಡುವುದು ಅಂದರೆ ಹಂಚಿಕೆ. ಅದು ಪುಸ್ತಕದಲ್ಲಿ ಬರೆದ ಅಂಕಿ. ಅದಾದ ಮೇಲೆ ಕಾಮಗಾರಿ ಪಟ್ಟಿಯಲ್ಲಿ ನಿಮ್ಮ ಹಳ್ಳದ ಹೆಸರು ಬರಬೇಕು. ಎಂಜಿನಿಯರ್ ಅಂದಾಜು ಪಟ್ಟಿ ಮಾಡಬೇಕು. ಆಡಳಿತಾತ್ಮಕ ಅನುಮೋದನೆ ಆಗಬೇಕು. ಟೆಂಡರ್ ಆಗಬೇಕು. ದುಡ್ಡು ಬಿಡುಗಡೆ ಆಗಬೇಕು. ಹಿಂದಿನ ಬಿಲ್ಲು ಬಾಕಿ ಇದ್ದರೆ ಗುತ್ತಿಗೆದಾರರು ಟೆಂಡರಿಗೇ ಬರುವುದಿಲ್ಲ. ಇದರಲ್ಲಿ ಎಲ್ಲಿ ನಿಂತರೂ ನಿಮ್ಮ ಹಳ್ಳಕ್ಕೆ ಒಂದು ಚೀಲ ಸಿಮೆಂಟೂ ಬರುವುದಿಲ್ಲ, ಆದರೆ ಬಜೆಟ್‌ನಲ್ಲಿ ಇಟ್ಟಿದ್ದೇವೆ ಅನ್ನುವ ಮಾತು ಸುಳ್ಳಾಗುವುದಿಲ್ಲ. ಮೂರು ವರ್ಷ ನಿಮಗೆ ಹೇಳಿದ್ದು ಇದನ್ನೇ. ಶಾಲೆಗೆ ಹೋಗುವ ಮಕ್ಕಳಿಗಾಗಿ ಶಾಲಾ ಸಂಪರ್ಕ ಸೇತು ಅಂತ ಲೋಕೋಪಯೋಗಿ ಇಲಾಖೆಯಲ್ಲಿ ಒಂದು ಯೋಜನೆ ಬಂದಿತ್ತು. ನಿಮ್ಮ ಹಳ್ಳ ಆ ಪಟ್ಟಿಯಲ್ಲಿತ್ತಾ ಅನ್ನುವುದನ್ನೂ ಕೇಳಬೇಕು.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಯಾಕೆ ಮಾಡಿಲ್ಲ ಅಂತ ಬರೆಯಬೇಡಿ. ಯಾಕೆ ಅನ್ನುವುದು ಮಾಹಿತಿ ಅಲ್ಲ ಅಂತ ವಾಪಸ್ ಕಳಿಸುತ್ತಾರೆ. ದಾಖಲೆ ಕೇಳಿ.

ಅದೇ ಕಾರ್ಮಿಕರು: ಬರೆಯೋಕೆ ಸರಿಯಾಗಿ ಬರಲ್ಲ ಸರ್. ಏನಂತ ಹಾಕ್ಲಿ?

ಉತ್ತರ: ಇದನ್ನು ಹಾಗೇ ಬರೆದುಕೊಳ್ಳಿ. "ನಮ್ಮ ಗ್ರಾಮದ ಹಳ್ಳಕ್ಕೆ ಕಾಲುಸಂಕ ನಿರ್ಮಿಸುವ ಬಗ್ಗೆ ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ತಯಾರಾದ ಅಂದಾಜು ಪಟ್ಟಿ, ಅನುಮೋದನೆಯ ಆದೇಶ, ಬಿಡುಗಡೆಯಾದ ಮೊತ್ತದ ಆದೇಶ ಮತ್ತು ಈ ಕಾಮಗಾರಿ ಸೇರಿರುವ ಪಟ್ಟಿಯ ದೃಢೀಕೃತ ಪ್ರತಿ ಕೊಡಿ." ಮೇಲೆ ಊರು, ಗ್ರಾಮ ಪಂಚಾಯಿತಿ, ತಾಲ್ಲೂಕು. ಕೆಳಗೆ ಸಹಿ, ತಾರೀಕು. ಒಂದನ್ನು ಪಂಚಾಯಿತಿ ಪಿಡಿಒಗೆ ಕೊಡಿ, ಇನ್ನೊಂದನ್ನು ತಾಲ್ಲೂಕಿನ ಲೋಕೋಪಯೋಗಿ ಕಚೇರಿಗೆ ರಿಜಿಸ್ಟರ್ ಪೋಸ್ಟ್ ಮಾಡಿ. ಕೊಡುವ ಮುಂಚೆ ಫೋಟೋ ತೆಗೆದು ನನಗೆ ಕಳಿಸಿ, ನೋಡಿ ತಿದ್ದಿ ಕೊಡುತ್ತೇನೆ. ಜೊತೆಗೆ ಆ ಸಂಕದ್ದೂ ಒಂದು ಫೋಟೋ, ದಬ್ಬೆ ಕಾಣುವ ಹಾಗೆ.